ಹೊಂಗೆ ಮರದಡಿ ಓದಿದ ಹೆಸರು

ಪ್ಲೇಗು ಬಂತೆಂದರೆ ಇಡೀ ಚನ್ನಪಟ್ಟಣ ಮನೆಗಳಿಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಕೂರುತ್ತಿದ್ದ ಕಾಲ ಅದು. ನನಗಾಗ ಹತ್ತು ವರ್ಷ. ಬೀದಿಯಲ್ಲಿ ಇಲಿ ಸತ್ತು ಬಿದ್ದ ಸುದ್ದಿ ಗುರುವಾರ ಬೆಳಿಗ್ಗೆ ಬಂತು. ಶುಕ್ರವಾರ ಮಧ್ಯಾಹ್ನಕ್ಕೆ ನಾವು ವಿರೂಪಾಕ್ಷಿಪುರದ ದಾರಿಯಲ್ಲಿ ಒಂದು ಹೊಲದಂಚಿನಲ್ಲಿದ್ದೆವು. ಎಂಟು ಗಳ, ಹನ್ನೊಂದು ತೆಂಗಿನ ಗರಿಯ ತಡಿಕೆ. ಎಣಿಸಿ ಬರೆದವಳು ನಾನೇ.

ಪಕ್ಕದ ಗುಡಿಸಲಿನ ಬೊಂಬೆ ಮಾಡುವ ಸಾಬರು ಕೆಲಸದ ಸಾಮಾನನ್ನೂ ಹೊತ್ತು ತಂದಿದ್ದರು. ಅವರ ಬಿಸಿ ಅರಗಿನ ವಾಸನೆಯೂ ಹೊಲದ ಅವರೆಯ ಸೊಗಡೂ ಬೆರೆತು ನಮ್ಮ ಗುಡಿಸಲಿಗೆ ಬರುತ್ತಿದ್ದವು. ಶಾಲೆ ಇರಲಿಲ್ಲ. ಹೊಲದೊಡೆಯರ ಮನೆಯ ಕೆಂಪಿಯೂ ನಾನೂ ದಿನವೆಲ್ಲ ಕುಂಟೆಬಿಲ್ಲೆ ಆಡುತ್ತಿದ್ದೆವು. ಎಂಟು ದಿನಗಳಲ್ಲಿ ಅವಳು ಗೆದ್ದದ್ದು ಇಪ್ಪತ್ತಾರು ಆಟ, ನಾನು ಹದಿನೇಳು.

ಅಪ್ಪ ಕ್ರೈಸ್ತ ಸಭೆಯ ಉಪದೇಶಿ. ಊರೂರು ತಿರುಗಿ ಯೇಸುಸ್ವಾಮಿಯ ಕಥೆ ಹೇಳುವುದು ಅವರ ಕೆಲಸ. ಎಷ್ಟು ಜನ ಕೇಳಿದರು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗಿತ್ತು. ಒಂದು ಸಂತೆಯ ದಿನದ ಲೆಕ್ಕ ಹೀಗಿದೆ: ನಿಂತು ಕೇಳಿದವರು ನಲವತ್ತೊಂದು, ಪುಸ್ತಕ ತೆಗೆದುಕೊಂಡವರು ಆರು, ಬೈದವರು ಮೂವರು. ಆ ದಿನ ಒಬ್ಬ ರೈತ, "ಏನ್ ಸ್ವಾಮಿ, ನಿಮ್ ದ್ಯಾವ್ರು ಇಲಿಗೊಳ್ಗೂ ಒಸಿ ಬುದ್ಧಿ ಯೋಳಾಕಿಲ್ವಾ?" ಎಂದ. ಅಪ್ಪ ನಕ್ಕು, "ಮೊದ್ಲು ನನಗೆ ಹೇಳ್ತಾವ್ನೆ ಕಣಪ್ಪ. ನಾನೇ ಇನ್ನೂ ಕೇಳಿಲ್ಲ," ಎಂದರು. ಗುಂಪು ನಕ್ಕಿತು, ಆಮೇಲೆ ಚದುರಿತು.

ಅಮ್ಮ ಸಂತೆಗೆ ಬರುತ್ತಿರಲಿಲ್ಲ. ಯಾರಿಗೂ ಕಥೆ ಹೇಳುತ್ತಿರಲಿಲ್ಲ. ಹುಣ್ಣಾದವರಿಗೆ ಬೇವಿನೆಲೆ ಕುದಿಸಿದ ನೀರು, ಬಾಣಂತಿಗೆ ಒಂದು ಹೊತ್ತಿನ ಸಾರು, ಅಷ್ಟೇ.

ಒಂಬತ್ತನೆಯ ದಿನ ಕೆಂಪಿ ಆಡಲು ಬರಲಿಲ್ಲ. ನಾನೇ ಅವರ ಮನೆಯ ಹತ್ತಿರ ಹೋದೆ. ಅವಳ ಚಿಕ್ಕಪ್ಪ ನಿಂಗೇಗೌಡರು ಬಾಗಿಲಲ್ಲೇ ನಿಂತು, "ಅಜ್ಜಿ ಮನೇಗೆ ಹೋಗವ್ಳೆ. ನೀನು ಇತ್ತಾಗೆ ಬರ್ಬ್ಯಾಡ ಹೋಗವ್ವ," ಎಂದರು.

ಮೂರು ದಿನ ಕಳೆದ ಮೇಲೆ ಮಧ್ಯಾಹ್ನ ಕೆಂಪಿಯ ತಾಯಿ ಸಾಕಮ್ಮ ನಮ್ಮ ಗುಡಿಸಲಿಗೆ ಬಂದಳು. ಗಂಡ ತೀರಿಕೊಂಡು ಮೈದುನನ ಆಸರೆಯಲ್ಲಿದ್ದವಳು. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಸಾಕಮ್ಮ ಎದುರಿಗೆ ಕೂತು ತಾನೂ ನಾಲ್ಕು ಕಾಯಿ ಸುಲಿದಳು. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಕೆಂಪಿ ಸತ್ತಿದ್ದಳು. ಕಂಕುಳಲ್ಲಿ ಗೆಡ್ಡೆ ಕಟ್ಟಿ ಎರಡೇ ದಿನದಲ್ಲಿ. ಸರ್ಕಾರದವರಿಗೆ ತಿಳಿದರೆ ಒಳಗೆ ಬಿಸಿಲು ಬೀಳಲೆಂದು ಮನೆಯ ಹೆಂಚು ಇಳಿಸುತ್ತಾರೆ, ಬಟ್ಟೆಬರೆ ಸುಡುತ್ತಾರೆ, ಎಲ್ಲರನ್ನೂ ಬೇರೆಯಾಗಿಡಲು ದೂರದ ಶೆಡ್ಡಿಗೆ ಸಾಗಿಸುತ್ತಾರೆ. ಹಾಗಾಗಿ ನಿಂಗೇಗೌಡರು ಮಗುವನ್ನು ಹೊಲದ ಮೂಲೆಯಲ್ಲಿ ಮಣ್ಣು ಮಾಡಿ, ಮನೆಯಲ್ಲಿ ಯಾರೂ ಅಳಕೂಡದು ಎಂದಿದ್ದರು.

"ಅಳಾಕೊಂದು ಜಾಗ ಇಲ್ಲ ಕಣ್ರಮ್ಮಾವ್ರೆ," ಎಂದಳು ಸಾಕಮ್ಮ. "ದನಿನ ಕೊಟ್ಟಿಗೇಲಿ ಅತ್ರೂ ಬಂದ್ಬುಡ್ತಾನೆ."

"ಇಲ್ಲಿ ಅಳು," ಎಂದಳು ಅಮ್ಮ.

ಅವಳು ದಿನವೂ ಬಂದಳು. ಹದಿಮೂರು ದಿನ. ಅಮ್ಮ ಸಮಾಧಾನ ಹೇಳಲಿಲ್ಲ, ಕೈ ಹಿಡಿದು ಕೂರುತ್ತಿದ್ದಳು; ಕೊನೆಗೆ ಕಣ್ಣು ಮುಚ್ಚಿ ಮೆಲ್ಲಗೆ ಕೆಂಪಿಯ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದಳು. ಹತ್ತನೆಯ ದಿನ ಸಾಕಮ್ಮನೇ ಕೇಳಿದಳು:

"ಅದ್ಯಾರ್ ಕೂಟೆ ಮಾತಾಡ್ತೀರಿ?"

ಅಮ್ಮ ಹೇಳಿದಳು. ಸತ್ತ ಗೆಳೆಯನ ಸಮಾಧಿಯ ಹತ್ತಿರ ಯೇಸುಸ್ವಾಮಿಯೂ ಅತ್ತದ್ದನ್ನು ಹೇಳಿದಳು.

"ದ್ಯಾವ್ರೂ ಅತ್ನಾ?" ಸಾಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಳೀಕೆ ಅದ್ನೇ ಇನ್ನೊಂದ್ಸಲ ಯೋಳಿ."

ನನ್ನ ಲೆಕ್ಕದ ಪುಸ್ತಕದಲ್ಲಿ 'ತಾವಾಗಿ ಕೇಳಿದವರು' ಎಂಬ ಪುಟ ಖಾಲಿಯಾಗಿತ್ತು. ನಾನು ಅವತ್ತು ಅಲ್ಲಿ ಬರೆದೆ: ಸಾಕಮ್ಮ, ನಿಂಗೇಗೌಡರ ಅತ್ತಿಗೆ. ಮಗಳು ಕೆಂಪಿ ಪ್ಲೇಗಿನಿಂದ ಸತ್ತದ್ದಕ್ಕೆ ದುಃಖದಲ್ಲಿದ್ದಾಳೆ. ಅಪ್ಪನಿಗೆ ತೋರಿಸಲಿಲ್ಲ. ಭಾನುವಾರ ಗೊತ್ತಾಗಿ ಸಂತೋಷಪಡಲಿ ಎಂದುಕೊಂಡೆ.

ನಮ್ಮ ಸಭೆಯಲ್ಲಿ ಒಂದು ಪದ್ಧತಿ. ಭಾನುವಾರದ ಆರಾಧನೆಯ ಕೊನೆಗೆ ಕಾಯಿಲೆಯವರ, ದುಃಖದಲ್ಲಿರುವವರ, ದೇವರ ಮಾತು ಕೇಳಲು ಬಂದವರ ಹೆಸರನ್ನೂ ಸಂಗತಿಯನ್ನೂ ಗಟ್ಟಿಯಾಗಿ ಓದಬೇಕು. ಪ್ರತಿ ಹೆಸರಿಗೂ ಸಭೆಯೆಲ್ಲ "ಕರ್ತನೇ, ಕನಿಕರಿಸು" ಎನ್ನಬೇಕು. ಊರಿನಲ್ಲಿ ಅದು ದೇವಾಲಯದ ನಾಲ್ಕು ಗೋಡೆಗಳ ನಡುವೆ ನಡೆಯುತ್ತಿತ್ತು. ಆ ವರ್ಷ ಹೊಂಗೆ ಮರದಡಿ ನಡೆಯುತ್ತಿತ್ತು. ಹಾಡುಗಳ ಜೊತೆ ನುಡಿಸುವ ಪಿಟೀಲು ಕೇಳಲೆಂದು ಬೇರೆ ಗುಡಿಸಲಿನವರೂ ಬಂದು ಕೂರುತ್ತಿದ್ದರು. ಗೋಡೆ ಇಲ್ಲ ಎಂಬುದು ದೊಡ್ಡವರೊಬ್ಬರಿಗೂ ಹೊಳೆದಿರಲಿಲ್ಲ. ಪ್ರಾರ್ಥನೆ ಎಂದರೆ ಪ್ರಾರ್ಥನೆ ಎಂದುಕೊಂಡಿದ್ದೆವು.

ಕನ್ನಡಕ ತಂದಿಲ್ಲವೆಂದು ಅಪ್ಪ ನನ್ನ ಪುಸ್ತಕದಲ್ಲಿದ್ದ ಹೆಸರುಗಳನ್ನು ನನಗೇ ಓದಲು ಹೇಳಿದರು. ನಾನು ಎದ್ದು ನಿಂತು ಸ್ಪಷ್ಟವಾಗಿ ಓದಿದೆ. ನಾಲ್ಕನೆಯ ಹೆಸರು ಸಾಕಮ್ಮನದು. ಅಪ್ಪ ತಟ್ಟನೆ ತಲೆಯೆತ್ತಿದರು. ಅಷ್ಟರಲ್ಲಿ ಸಭೆ, "ಕರ್ತನೇ, ಕನಿಕರಿಸು," ಎಂದಿತು. ಅಮ್ಮನ ಬಾಯಿ ಮಾತ್ರ ಅಲುಗಲಿಲ್ಲ. ಪಿಟೀಲು ಕೇಳಲು ಬಂದವರ ನಡುವೆ ಪ್ಲೇಗಿನ ಕಚೇರಿಯ ಇಬ್ಬರು ಜವಾನರು ಎಲೆಅಡಿಕೆ ಹಾಕಿಕೊಂಡು ಕೂತಿದ್ದರು.

ಸೋಮವಾರ ಬೆಳಿಗ್ಗೆ ನಿಂಗೇಗೌಡರ ಮನೆಯ ಹೆಂಚು ಇಳಿಯಿತು. ಚಾಪೆ, ಕಂಬಳಿ, ಹೊದಿಕೆ ಅಂಗಳದಲ್ಲಿ ಉರಿದವು. ಕೆಂಪಿಯ ಹಸಿರು ಲಂಗವನ್ನು ಸಾಕಮ್ಮ ಮಡಿಲಲ್ಲಿ ಬಚ್ಚಿಟ್ಟುಕೊಂಡಿದ್ದಳಂತೆ. ಅದನ್ನೂ ಕಿತ್ತು ಬೆಂಕಿಗೆ ಹಾಕಿದರು. ಕಚೇರಿಯವರು ಮಾಡಿದ್ದು ಊರಿನ ಒಳ್ಳೆಯದಕ್ಕೇ ಇರಬಹುದು. ಲಂಗ ಸುಟ್ಟುಹೋಯಿತು.

ಅಮ್ಮ ಓಡಿದಳು, ನಾನೂ ಹಿಂದೆ ಓಡಿದೆ. ಶೆಡ್ಡಿಗೆ ಸಾಗಿಸುವ ಗಾಡಿಯ ಹತ್ತಿರ ನಿಂಗೇಗೌಡರು ಅಮ್ಮನನ್ನು ನೋಡಿ, "ಬಂದ್ರಾ, ಇನ್ನೇನ್ ಬರ್ಕೋಬೇಕು? ಬರ್ಕೊಳ್ಳಿ," ಎಂದರು. ಅಮ್ಮ ಸಾಕಮ್ಮನ ಕೈ ಹಿಡಿಯಲು ಹೋದಳು. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ನಾನು ನಿಮ್ ದ್ಯಾವ್ರಿಗೆ ಯೋಳಿದ್ದೆ ಕಣ್ರಮ್ಮಾವ್ರೆ," ಎಂದಳು. "ಊರಿಗೆ ಯೋಳಿರ್ಲಿಲ್ಲ."

ಅಮ್ಮ ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ನಾವು ಊರಿಗೆ ಮರಳಿದ ಮೇಲೂ ಅವಳು ಹುಣ್ಣಿಗೆ ಬೇವಿನ ನೀರು ಕಾಯಿಸಿಕೊಟ್ಟಳು, ಆದರೆ ಇನ್ನೊಬ್ಬರ ಎದುರು ಕಣ್ಣು ಮುಚ್ಚಿದ್ದನ್ನು ನಾನು ಮತ್ತೆ ನೋಡಲಿಲ್ಲ. ಹನ್ನೊಂದು ವರ್ಷ ಹಾಗೆಯೇ ಬದುಕಿ ತೀರಿಕೊಂಡಳು.

ಈಗ ನಾನು ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತೇನೆ. ನಂಬದವರಿಗೆ ನಮ್ಮ ನಂಬಿಕೆಯನ್ನು ಹೇಗೆ ತಿಳಿಸಬೇಕು ಎಂದು ಹೊಸ ಉಪದೇಶಿಗಳು ಕೂಟಗಳಲ್ಲಿ ಚರ್ಚೆ ಮಾಡುತ್ತಾರೆ. ನನಗೆ ಗೊತ್ತಿದ್ದದ್ದು ಒಂದೇ ರೀತಿ, ಅಮ್ಮನದು. ಅದನ್ನು ಕೆಡಿಸಿದವಳು ನಾನು. ಆದ್ದರಿಂದ ಬಾಯಿ ತೆರೆಯುವುದಿಲ್ಲ. ನಮ್ಮ ಮನೆಗೆ ಅಳಲೆಂದು ಯಾರೂ ಬರುವುದೂ ಇಲ್ಲ.

ಹೋದ ವರ್ಷ ರೈಲು ನಿಲ್ದಾಣದಲ್ಲಿ ನಿಂಗೇಗೌಡರ ಹೆಂಡತಿ ಸಿಕ್ಕರು. ಶೆಡ್ಡಿನಿಂದ ಬಿಟ್ಟ ಮೇಲೆ ಸಾಕಮ್ಮನನ್ನು ಉಯ್ಯಂಬಳ್ಳಿಯ ತವರಿಗೆ ಕಳಿಸಿದರಂತೆ. ಅವಳು ಅಲ್ಲೇ ಸತ್ತಳಂತೆ. ಅವಳು ನಮ್ಮಮ್ಮನ ಮಾತು ಎಂದಾದರೂ ಎತ್ತಿದ್ದಳೇ, ಅಮ್ಮ ಹೇಳಿದ ಕಥೆಯನ್ನು ಯಾರಿಗಾದರೂ ಹೇಳಿದ್ದಳೇ ಎಂದು ಕೇಳಿದೆ.

"ಎಲ್ಲಿ ಯೋಳ್ತಾಳೆ ತಾಯಿ," ಎಂದರು ಅವರು. "ಅಲ್ಲಿಗ್ ಹೋದ್ಮ್ಯಾಕೆ ಅವ್ಳು ಯಾರ್ ಕೂಟೂ ಒಂದ್ ಮಾತೂ ಆಡ್ನಿಲ್ವಂತೆ."