ತೊಳೆದು ಕೊಟ್ಟ ಪೆನ್‌ಡ್ರೈವ್

ಆ ಪೆನ್‌ಡ್ರೈವ್‌ನ ತುದಿಯ ತೂತಿಗೆ ಹಸಿರು ರೇಷ್ಮೆಯ ಎಳೆಯೊಂದನ್ನು ಗಂಟು ಹಾಕಿ ಕಟ್ಟಲಾಗಿತ್ತು. ಗಜೇಂದ್ರಗಡದಲ್ಲಿ ನಮ್ಮ ಪಕ್ಕದ ಮನೆಯ ಕಾಕಿಯದು ಅದು. ಅವರು ಕೈಮಗ್ಗದಲ್ಲಿ ಸೀರೆ ನೇಯುತ್ತಾರೆ.

ಹತ್ತಿರದ ಸವಡಿ ಊರಿನ ಶಾಲೆಯೊಂದರಲ್ಲಿ ನಾಲ್ಕು ಹಳೆಯ ಕಂಪ್ಯೂಟರ್‌ಗಳು ಮೂಲೆ ಸೇರಿದ್ದವು. ಅವಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡಲು ಒಪ್ಪಿದ್ದೆ. ಅದನ್ನು ಪೆನ್‌ಡ್ರೈವ್‌ನಿಂದಲೇ ಹಾಕಬೇಕು; ಒಂದೇ ಇದ್ದರೆ ಒಂದು ಕಂಪ್ಯೂಟರ್ ಮುಗಿಯುವವರೆಗೆ ಇನ್ನೊಂದು ಕಾಯಬೇಕು. ಎರಡಿದ್ದರೆ ಜೋಡಿಯಾಗಿ ಮುಗಿಸಿ ಸಂಜೆಯ ಬಸ್ಸು ಹಿಡಿಯಬಹುದು. ನನ್ನದೊಂದಿತ್ತು, ಇನ್ನೊಂದನ್ನು ಕಾಕಿಯಿಂದ ಇಸಿದುಕೊಂಡೆ. ಅದರಲ್ಲಿ ಏನಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದನ್ನು ಸಿದ್ಧಪಡಿಸುವಾಗ, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ತೆರೆದು ನೋಡಬಹುದಿತ್ತು. ಆದರೆ ನನ್ನ ಫೋನನ್ನು ಯಾರಾದರೂ ಮುಟ್ಟಿದರೆ ನನಗೆ ಆಗದು. ಬೇರೆಯವರದರಲ್ಲಿ ಇಣುಕದಿರುವುದೇ ಮರ್ಯಾದೆ ಅಂದುಕೊಂಡು, ನೋಡದೆಯೇ ಒಪ್ಪಿಗೆ ಒತ್ತಿದೆ.

ನಾಲ್ಕೂ ಚಾಲೂ ಆದವು. ಶಾಲೆಯವರು ಗಿರಮಿಟ್ಟು, ಚಹಾ ಕೊಟ್ಟು ಹೊಗಳಿ ಕಳಿಸಿದರು. ಆ ಖುಷಿಯಲ್ಲೇ ಮರಳಿಸಲು ಹೋದಾಗ ಕಾಕಿ ಕೇಳಿದರು:

“ಅದರಾಗ ನಮ್ಮ ಅತ್ತಿಯವರ ಸೀರಿ ದಡಿ ಫೋಟೋ ಇದ್ದುವು. ಹಂಗ ಅದಾವಲ್ಲ, ತಂಗಿ?”

ಅತ್ತೆ ತೀರಿಕೊಂಡ ಮೇಲೆ, ಅವರೇ ನೇಯ್ದು ಉಟ್ಟ ಸೀರೆಗಳನ್ನು ಕತ್ತರಿಸಿ ಕಾಕಿ ಹೊದೆಯುವ ಕೌದಿ ಹೊಲಿದಿದ್ದರು. ಕತ್ತರಿ ಹಾಕುವ ಮುಂಚೆ ಸೀರೆಯಂಚಿನ ದಡಿಗಳ ಫೋಟೋ ತೆಗೆದಿಟ್ಟಿದ್ದರು. ಅವುಗಳಲ್ಲೊಂದು ದಡಿಯನ್ನು ಈ ಸಲ ತಮ್ಮ ಮಗ್ಗಕ್ಕೆ ಏರಿಸುವವರಿದ್ದರು. ಫೋಟೋ ತೆಗೆದ ಫೋನು ಯಾವಾಗಲೋ ಕೆಟ್ಟುಹೋಗಿತ್ತು.

ನಡೆದದ್ದನ್ನು ಹೇಳಿದೆ. ಅಲ್ಲೇ ಕುಳಿತು, ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಹಾಕಿಯೂ ನೋಡಿದೆ. ಸಿಕ್ಕ ಫೈಲುಗಳಲ್ಲಿ ಒಂದೂ ತೆರೆಯಲಿಲ್ಲ.

“ಇಸಕೊಂಡ ಡಬ್ಬಿ ತೊಳದ ಕೊಟ್ಟಂಗ ಕೊಟ್ಟಿ ನೋಡವಾ,” ಎಂದು ಕಾಕಿ ನಕ್ಕರು. ಆಮೇಲೆ ಹಸಿರು ಎಳೆಯನ್ನು ಬೆರಳಿಗೆ ಸುತ್ತುತ್ತ ಮೆಲ್ಲಗೆ ಅಂದರು: “ಒಂದ್ ಮಾತು ಕೇಳಿದ್ರ ಹೇಳ್ತಿದ್ದೆ.”

ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ನಾನು ಮರ್ಯಾದೆ ಅಂದುಕೊಂಡದ್ದು ಬರೀ ಕೇಳಲಾರದ ಬಿಗುಮಾನವಾಗಿತ್ತು. ಊಟಕ್ಕೆ ಕುಳಿತಾಗಲೂ ಆ ಮಾತೇ ಕಿವಿಯಲ್ಲಿತ್ತು.

ಮರುದಿನ ಬೆಳಿಗ್ಗೆ ಅವರ ಬಾಗಿಲಲ್ಲಿ ನಿಂತು, ಕೌದಿಯನ್ನು ನೋಡಬಹುದೇ ಎಂದು ಕೇಳಿದೆ. ಕಾಕಿ ಅದನ್ನು ತಂದು ಪಡಸಾಲೆಯಲ್ಲಿ ಹಾಸಿದರು. ಸುತ್ತಲಿನ ಅಂಚಿಗೆ ದಡಿಯ ತುಂಡುಗಳನ್ನೇ ಇಟ್ಟು ಹೊಲಿದಿದ್ದರು. ಬಿಳಿ ದಾರದ ಹೊಲಿಗೆ ವಿನ್ಯಾಸದ ಮೇಲೆಯೇ ಹಾದುಹೋಗಿತ್ತು. ಅವರು ಬೆರಳಿಟ್ಟು ತೋರಿಸಿದ ತುಂಡಿನ ಮುಂದೆ ಮೊಣಕಾಲೂರಿ ಕುಳಿತೆ. ಹೊಲಿಗೆಯನ್ನು ಉಗುರಿನಿಂದ ಅತ್ತಿತ್ತ ಸರಿಸಿ, ಎಳೆ ಎಣಿಸಿ, ಮಗ್ಗಕ್ಕೆ ಬೇಕಾದ ದಡಿಯ ನಕ್ಷೆಗಾಗಿ ತಂದಿದ್ದ ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬತೊಡಗಿದೆ.