ನೀರಿಗೆ ಬಿದ್ದ ನೀಲಿ ಉದ್ಯಾನ

ಬಟ್ಟೆ ನೆನೆಹಾಕಿದ ಟಬ್ಬನ್ನು ಕಂಡರೆ ಎದೆ ಢವಗುಟ್ಟುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಈ ಅರಬ್ ನಾಡಿನ ಫರ್ವಾನಿಯಾದ ನಮ್ಮ ಕೋಣೆಯಲ್ಲಿ ಅಂಥವನೊಬ್ಬನಿದ್ದಾನೆ, ಮತ್ತು ಅದು ಒಗೆಯುವ ಸರದಿಯಿಂದ ತಪ್ಪಿಸಿಕೊಳ್ಳಲು ಅವನು ಹೂಡಿದ ನೆಪವೆಂದು ಜೊತೆಯವರು ನಂಬಿದ್ದಾರೆ. ಆ ಮನುಷ್ಯ ನಾನೇ. ಟೈಲ್ಸ್ ಕಂಪೆನಿಯೊಂದರ ಸ್ಟೋರಿನವನು. ಯಾರ ದನಿಯನ್ನಾದರೂ ಅಣಕಿಸಬಲ್ಲವನು. ದೇವರು ನನಗೆಂದೇ ಕೊಟ್ಟ ದನಿ ತೀರಾ ಕೀರಲಾದ್ದರಿಂದ ಅದನ್ನು ಆದಷ್ಟು ಕಡಿಮೆ ಬಳಸುವವನು.

ಫಿಂಟಾಸಿನ ಕಡಲ ದಿಕ್ಕಿನ ಮನೆಯೊಂದರ ತೋಟದ ಗೋಡೆಗೆ ನಾವು ಪೋರ್ಚುಗಲ್ಲಿನಿಂದ ಬಂದ ಚಿತ್ರದ ಟೈಲ್ಸ್ ಕೂರಿಸಬೇಕಿತ್ತು. ಆ ದೇಶದ ಹಳೆಯ ಅರಮನೆಗಳ ಉದ್ಯಾನಗಳಲ್ಲಿ ಕಾಲುವೆಯ ದಂಡೆಗೂ ಕಲ್ಲುಬೆಂಚಿನ ಬೆನ್ನಿಗೂ ಇಂಥದೇ ನೀಲಿ ಚಿತ್ರಗಳಿವೆಯಂತೆ: ದೋಣಿ, ಬೇಟೆನಾಯಿ, ಬಾಗಿ ಸ್ವಾಗತಿಸುವ ಆಳೆತ್ತರದ ಸೇವಕ. ಚೀನಾದ ಪಿಂಗಾಣಿಯ ನೀಲಿಗೆ ಆಸೆಪಟ್ಟು, ಅರಬರಿಂದ ಕಲಿತ ಬಿಲ್ಲೆಗಳ ಮೇಲೆ ಬರೆದದ್ದು. ಈಗ ಅರಬರ ಗೋಡೆಗೇ ಮರಳಿದೆ. ಅಣಕವೂ ಇಷ್ಟು ಚೆಂದವಾಗಬಹುದಾದರೆ ಅಣಕಿಸುವವರ ನನ್ನ ಕುಲಕ್ಕೂ ಒಂದು ಅರಮನೆಯಿದೆ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ.

ಒಟ್ಟು ತೊಂಬತ್ತಾರು ತುಂಡು. ಪ್ರತಿಯೊಂದರ ಬೆನ್ನಿಗೂ ಅದು ಎಲ್ಲಿ ಕೂರಬೇಕೆಂಬ ಸಂಖ್ಯೆಯನ್ನು ಶಾಯಿಯಲ್ಲಿ ಬರೆದಿದ್ದರು. “ನಾನು ಬರುವ ತನಕ ಯಾರೂ ಮುಟ್ಬಾರ್ದು” ಎಂದು ನಮ್ಮ ಎಂಜಿನಿಯರ್ ರಾವ್ ಸಾರ್ ಬೆಳಿಗ್ಗೆಯೇ ಫಹಾಹೀಲಿಗೆ ಹೋದರು. ಕೂರಿಸಬೇಕಾದವರು ಕಾರ್ಕಳ ಕಡೆಯ ಶೀನಣ್ಣ. ನೀರಿನಲ್ಲಿ ನೆನೆಸದೆ ಒಂದು ಟೈಲನ್ನೂ ಸಿಮೆಂಟಿಗೆ ಒತ್ತದ ಹಳೆಯ ಕೈ. ಅವರು ಇಲ್ಲಿರಲು ಬೇಕಾದ ಇಕಾಮಾ ಆ ತಿಂಗಳೇ ಹೊಸದಾಗಬೇಕಿತ್ತು. ರಾವ್ ಸಾರ್ ಬೇಡವೆಂದರೆ ಮುಗಿಯಿತು, ಊರಿನ ವಿಮಾನ.

ಗೋಡೆಯ ಹಿಂದೆ ನಿಂತು ನಾನು ರಾವ್ ಸಾರ್ ಆದೆ. “ಶೀನಾ! ಎಲ್ಲಾ ನೀರಿಗೆ ಹಾಕು. ಯಲ್ಲಾ, ಬೇಗ!” ಅವರು ಓಡಿಬಂದು ಸಾಹೇಬರನ್ನು ಹುಡುಕಲಿ, ಒಂದಿಷ್ಟು ನಗೋಣ ಎಂದಷ್ಟೇ. ಅಷ್ಟರಲ್ಲಿ ಸಿಮೆಂಟಿನ ಲಾರಿ ಬಂತು. ಇಳಿಸಲು ಓಡಿದವನು ಮರೆತೇಬಿಟ್ಟೆ. ಮರಳಿದಾಗ ಮೂರು ಟಬ್ಬುಗಳಲ್ಲಿ ಇಡೀ ಉದ್ಯಾನ ಮುಳುಗಿತ್ತು. ಒಂದನ್ನೆತ್ತಿ ತಿರುಗಿಸಿದೆ. ಶಾಯಿ ಕರಗಿ ಬೆನ್ನು ಬೋಳು. ಇನ್ನೊಂದು, ಅದೂ ಬೋಳು.

“ಎಂತ ಮಾರಾಯ, ದೆವ್ವ ಕಂಡವರ ಹಾಗೆ?” ಎಂದರು ಶೀನಣ್ಣ. “ಸಾರೇ ಹೇಳಿದ್ದು, ನೀರಿಗೆ ಹಾಕ್ಲಿಕ್ಕೆ.”

ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗೇಟಿನಲ್ಲಿ ರಾವ್ ಸಾರ್ ಕಾರು ನಿಂತಿತು.

“ಯಾರು ಮಾರಾಯ್ರೆ ಇದನ್ನು ಹಾಕಿದ್ದು?”

“ನೀವೇ ಹೇಳಿದ್ದಲ್ವಾ ಸಾರ್, ಗೋಡೆ ಆಚೆಯಿಂದ.”

“ನಾನಾ? ಫಹಾಹೀಲಿನಿಂದ ಕೂಗಿದ್ನಾ? ಸುಳ್ಳು ಬೇರೆ ಹೇಳ್ತೀಯಾ? ನಿಂದು ಖಲಾಸ್, ಶೀನ.”

ಶೀನಣ್ಣ ನಮಗೆ ಬೆನ್ನು ಹಾಕಿ ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. “ನಾನು ಸಾರ್,” ಎಂದೆ, ಆ ಕೀರಲು ದನಿಯಲ್ಲೇ. “ನಿಮ್ಮ ಹಾಗೆ ಕೂಗಿದ್ದು ನಾನು.”

“ಅವನನ್ನು ಉಳಿಸ್ಲಿಕ್ಕೆ ನಾಟಕವಾ? ಎಲ್ಲಿ, ಕೂಗು ನೋಡುವ.”

ಓದುವ ಗೆಳೆಯರೇ, ಮದುವೆಮನೆಗಳಲ್ಲಿ, ಬಸ್ಸುಗಳಲ್ಲಿ, ಪಾದ್ರಿಗಳ ಬೆನ್ನ ಹಿಂದೆ ಎಷ್ಟೋ ಅಣಕ ಮಾಡಿದವನು ನಾನು. ಹದ ತಪ್ಪಿದರೆ ಶೀನಣ್ಣನ ಅನ್ನ ಹೋಗುವ, ತಪ್ಪದಿದ್ದರೆ ನನ್ನದು ಹೋಗುವ ವೇದಿಕೆಯನ್ನು ಮಾತ್ರ ಹತ್ತಿರಲಿಲ್ಲ. ಕಣ್ಣು ಮುಚ್ಚಿ ಕೂಗಿದೆ.

“ಶೀನಾ! ಎಲ್ಲಾ ನೀರಿಗೆ...”

ಮಾತು ಮುಗಿದಿರಲಿಲ್ಲ. “ಹಾಂ ಸಾರ್!” ಎಂದು ಶೀನಣ್ಣ, ತಿರುಗಿಯೂ ನೋಡದೆ, ಎರಡೂ ಕೈಗಳನ್ನು ಮೊಣಕೈವರೆಗೆ ನೀರಿಗಿಳಿಸಿಬಿಟ್ಟರು. ಟಬ್ಬಿನಲ್ಲಿ ಏನಿದೆ, ಏಕೆ ಎಂದು ಆ ಕೈಗಳು ಕೇಳಲೇ ಇಲ್ಲ. ಇಷ್ಟು ದಿನ ನನ್ನ ಗಂಟಲಿನ ಜಾಣತನವೆಂದು ನಾನು ಬೀಗುತ್ತಿದ್ದುದೆಲ್ಲ ಆ ಬಾಗಿದ ಬೆನ್ನಿನ ಹೆದರಿಕೆಯಾಗಿತ್ತು.

ರಾವ್ ಸಾರ್ ಆ ಬೆನ್ನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ, ಅವರ ದನಿಯಲ್ಲಿ ನಾನೆಂದೂ ಕೇಳಿರದ ಮೆದುತನದಿಂದ, “ಶೀನ, ಬಿಡು. ನಿಂದೇನೂ ತಪ್ಪಿಲ್ಲ. ಹೋಗಿ ಚಾ ಕುಡಿ,” ಎಂದರು.

ಶೀನಣ್ಣ ಅಲುಗಲಿಲ್ಲ. ಕೈ ನೀರಿನಲ್ಲೇ ಇತ್ತು.

“ಈಗ ಹೇಳಿದ್ದು ಯಾರು?” ಎಂದು ಕೇಳಿದರು, ತಿರುಗಲೂ ಹೆದರಿ.