ಯಲ್ಲಕ್ಕನ ಖಾತೆಗೆ ಬಿದ್ದ ಡಾಲರು

ಕೊಟ್ಟಿಗೆಯ ಸಗಣಿ ಬಾಚಬೇಕು. ಅಂಗಳಕ್ಕೆ ನೀರು ಹಾಕಿ ರಂಗೋಲಿ ಎಳೆಯಬೇಕು. ನಲ್ಲಿ ನಿಲ್ಲುವುದರೊಳಗೆ ಕೊಡ ತುಂಬಬೇಕು. ಅತ್ತೆಯ ಕಾಲಿಗೆ ಕಾವು ಕೊಡಲು ನೀರು ಕಾಯಿಸಬೇಕು, ಎಸರಿಗೆ ಹಿಟ್ಟು ಬಿಡಬೇಕು, ಕುರಿ ಹಿಂದೆ ಹೋಗುವ ಗಂಡನಿಗೆ ಬುತ್ತಿ ಕಟ್ಟಬೇಕು. ಎಮ್ಮೆ ಕರೆಯಬೇಕು. ಮಾಡದಕೆರೆಯ ಯಲ್ಲಕ್ಕ ಇಷ್ಟೆಲ್ಲ ಮುಗಿಸಿ ಹಾಲಿನ ಡೈರಿಗೆ ಹೊರಟಾಗ ಇನ್ನೂ ಬೆಳಕು ಹರಿದಿರುವುದಿಲ್ಲ. ಗಂಡ ಮುದ್ದಣ್ಣ ಕಂಬಳಿಯೊಳಗೆ ಮಗ್ಗುಲು ಬದಲಿಸುತ್ತಿರುತ್ತಾನೆ.

ಅವಳ ಕೈಯಲ್ಲಿ ಎರಡು ಕ್ಯಾನು. ಒಂದು ಅವಳದು, ಇನ್ನೊಂದು ಪಕ್ಕದ ಮನೆಯ ಏಕಾಂತಮ್ಮನದು. ಏಕಾಂತಮ್ಮ ವಯಸ್ಸಾದ ವಿಧವೆ. ಅವಳಿಗಿರುವುದು ಒಂದೇ ಹಸು, ಡೈರಿಯಲ್ಲಿ ಸದಸ್ಯತ್ವವಿಲ್ಲ. ಹಾಗಾಗಿ ಅವಳ ಹಾಲೂ ಯಲ್ಲಕ್ಕನ ನಂಬರಿಗೇ ಬೀಳುತ್ತದೆ. ದುಡ್ಡು ಹೊಸದುರ್ಗದ ಬ್ಯಾಂಕಿನಲ್ಲಿರುವ ಯಲ್ಲಕ್ಕನ ಖಾತೆಗೆ ಬರುತ್ತದೆ, ಅವಳು ಬಿಡಿಸಿ ತಂದು ಕೊಡುತ್ತಾಳೆ. ಊರಿನಲ್ಲಿ ಎಷ್ಟೋ ಹೆಂಗಸರು ಹೀಗೆ ಮಾಡುತ್ತಾರೆ. ಅದರಲ್ಲಿ ತಪ್ಪಿದೆ ಎಂದು ಯಾರಿಗೂ ಅನ್ನಿಸಿಲ್ಲ.

ತಂಗಿ ದೀಪಾಳ ದುಡಿಮೆಯೂ ಅದೇ ಖಾತೆಗೆ ಬರುತ್ತಿತ್ತು. ದೀಪಾ ಮಸ್ಕತ್‌ನಲ್ಲಿ ಒಂದು ಮನೆಯ ಕೆಲಸಕ್ಕಿದ್ದಾಳೆ. ಅಕ್ಕ ಇಲ್ಲಿ ಬಿಟ್ಟಿ ಮಾಡುವುದನ್ನೇ ತಂಗಿ ಅಲ್ಲಿ ಸಂಬಳಕ್ಕೆ ಮಾಡುತ್ತಾಳೆ. ರಜೆಯ ದಿನವೂ ಮನೆಯವರು ಹೊರಗೆ ಬಿಡುವುದಿಲ್ಲ, ಹಣ ಕಳಿಸುವ ಅಂಗಡಿ ಪೇಟೆಯಲ್ಲಿದೆ, ಹೋದರೂ ಅಲ್ಲಿ ಕಮಿಷನ್ ಹಿಡಿಯುತ್ತಾರೆ. ಅದಕ್ಕೆ ಗೆಳತಿಯೊಬ್ಬಳು ಸಂಬಳವನ್ನು ನಗದಾಗಿ ತೆಗೆದುಕೊಂಡು, ದೀಪಾಳ ಫೋನಿಗೆ ಡಾಲರ್ ಲೆಕ್ಕದ ಡಿಜಿಟಲ್ ನಾಣ್ಯ ಹಾಕಿಕೊಡುತ್ತಿದ್ದಳು. ಅಲ್ಲಿಂದ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಯಲ್ಲಕ್ಕನ ಫೋನಿಗೆ ಬರುತ್ತಿತ್ತು.

"ಬೆಲೆ ಮ್ಯಾಲೆ ಕೆಳಗೆ ಕುಣಿಯೋ ನಾಣ್ಯ ಅಲ್ಲ ಕಣಕ್ಕ ಇದು," ಎಂದಿದ್ದಳು ದೀಪಾ ಮೊದಲ ಸಲ. "ಒಂದು ನಾಣ್ಯ ಅಂದ್ರೆ ಒಂದು ಡಾಲರು. ಕಂಪನಿಯೋರು ಎಷ್ಟು ನಾಣ್ಯ ಬಿಟ್ಟವ್ರೋ ಅಷ್ಟು ಡಾಲರು ಬ್ಯಾಂಕಿನಾಗೆ, ಅಮೆರಿಕ ಸರ್ಕಾರದ ಸಾಲಪತ್ರದಾಗೆ ಇಟ್ಟಿರ್ತಾರೆ."

"ಡೈರಿ ಚೀಟಿ ಇದ್ದಂಗೆ ಅನ್ನು. ಕ್ಯಾನಿನಾಗೆ ಹಾಲಿದ್ರೆ ಚೀಟಿಗೆ ಬೆಲೆ."

"ಹೂಂ. ಹಾಲಿಲ್ಲ ಅಂತ ಸುದ್ದಿ ಆದ್ರೆ ಬೆಲೆ ಬೀಳ್ತೈತೆ. ಒಂದ್ಸಲ ಕಂಪನಿ ದುಡ್ಡಿಟ್ಟಿದ್ದ ಬ್ಯಾಂಕೇ ಮುಳುಗಿ ಎರಡು ದಿನ ಅಲ್ಲಾಡಿತ್ತಂತೆ."

"ನಾನು ಹೋಗಿ ಕೇಳಿದ್ರೆ ಕಂಪನಿ ಡಾಲರು ಕೊಡ್ತೈತಾ?"

"ನಮ್ಮಂಥೋರಿಗೆ ಯಾರಕ್ಕ ಬಾಗಲು ತೆಗಿತಾರೆ? ಬೇಕಾದೋರಿಗೆ ಮಾರ್ಕಬೇಕು."

ಯಲ್ಲಕ್ಕ ಆ್ಯಪಿನಲ್ಲಿ ಮಾರುವುದನ್ನು ಕಲಿತಳು. ಕೊಳ್ಳುವವನು ಅವಳ ಖಾತೆಗೆ ರೂಪಾಯಿ ಹಾಕುತ್ತಾನೆ, ಬಂದಿದೆ ಎಂದು ಅವಳು ಒತ್ತಿದರೆ ನಾಣ್ಯ ಅವನದಾಗುತ್ತದೆ. ಹೋದ ತಿಂಗಳು ಒಬ್ಬ ಎಲ್ಲರಿಗಿಂತ ಹೆಚ್ಚಿನ ದರ ಕೊಟ್ಟ. ಆ್ಯಪಿನಲ್ಲಿ ಅವನ ಹೆಸರು ಒಂದು, ದುಡ್ಡು ಬಂದ ಖಾತೆಯ ಹೆಸರು ಇನ್ನೊಂದು. ಹೆಸರು ಬೇರೆಯಾದರೆ ದುಡ್ಡು ಹಿಂದಿರುಗಿಸಿ, ನಾಣ್ಯ ಬಿಡಬೇಡಿ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಯಲ್ಲಕ್ಕ ಓದಿದಳು. ನನ್ನ ಹೆಸರಿನಲ್ಲಿ ಏಕಾಂತಕ್ಕನ ಹಾಲಿಲ್ಲವೇ ಎಂದುಕೊಂಡು ಒತ್ತಿಯೇಬಿಟ್ಟಳು.

ಹಾಲಿನ ದುಡ್ಡು ಬಿಡಿಸಲು ಹೋದಾಗ, ಬೇರೆ ರಾಜ್ಯದ ಪೊಲೀಸರು ಖಾತೆ ತಡೆಹಿಡಿಸಿದ್ದಾರೆ ಎಂದರು ಬ್ಯಾಂಕಿನವರು. ಗಂಡನ ಜೊತೆ ಚಿತ್ರದುರ್ಗದ ಪೊಲೀಸರ ಹತ್ತಿರ ಹೋದಳು.

"ನಿಮಗೆ ಬಂದಿರೋದು ಒಬ್ಬ ರಿಟೈರ್ಡ್ ಟೀಚರಮ್ಮನ ದುಡ್ಡು," ಎಂದಳು ಸೈಬರ್ ಠಾಣೆಯ ಮಹಿಳಾ ಪೊಲೀಸ್. "ಮೋಸ ಮಾಡಿ ಕಿತ್ಕಂಡು, ಅದ್ರಾಗೆ ನಿಮ್ಮ ನಾಣ್ಯ ತಗಂಡವ್ರೆ. ಅವ್ರೂ ಇಲ್ಲ, ನಾಣ್ಯನೂ ಇಲ್ಲ. ಸಿಕ್ಕಿರೋದು ನಿಮ್ಮ ಹೆಸ್ರು. ಏನ್ ಕೆಲ್ಸ ಮಾಡ್ತೀರಮ್ಮ?"

"ಏನಿಲ್ಲ ಮೇಡಂ, ಮನ್ಯಾಗಿರ್ತಾಳೆ," ಎಂದ ಮುದ್ದಣ್ಣ.

ಬೇರೆ ದಿನವಾಗಿದ್ದರೆ ಅವನಿಗೆ ತಿರುಗಿಸಿ ಕೊಡುತ್ತಿದ್ದಳು. ಅವತ್ತು ಯಾವಳೋ ಒಬ್ಬ ಮುದುಕಿ ಟೀಚರು ಬದುಕೆಲ್ಲ ದುಡಿದು ಕೂಡಿಟ್ಟ ದುಡ್ಡಿನಲ್ಲಿ ತಾನು ಅತ್ತೆಯ ಮಾತ್ರೆ ತಂದಿದ್ದೆ, ಎಮ್ಮೆಗೆ ಹಿಂಡಿ ಹಾಕಿದ್ದೆ ಎಂದು ನೆನೆದು ಮುಖವೆಲ್ಲ ಸುಟ್ಟಂತಾಯಿತು.

"ಲೇ, ಊರಾಗೆ ಸರ್ವರ್ ಡೌನ್ ಅನ್ನು," ಎಂದ ಮುದ್ದಣ್ಣ ಹೊರಗೆ ಬಂದ ಮೇಲೆ. "ಪೊಲೀಸು ಗಿಲೀಸು ಅಂತ ಬಾಯಿಬಿಟ್ಟೀಯ."

ಏಕಾಂತಮ್ಮನಿಗೂ ಅದನ್ನೇ ಹೇಳಿದಳು. ಹೇಳುವಾಗ ನೆಲ ನೋಡಿದಳು. ಡೈರಿಯ ಸಾಲಿನಲ್ಲಿ ಹೆಂಗಸರು ಬಿಡಲಿಲ್ಲ: "ಏನ್ ಯಲ್ಲಕ್ಕ, ನಿನ್ ಸರ್ವರ್ರು ಎಮ್ಮೆಯಂಗೆ ಗಬ್ಬಾಗೈತಾ? ಕರಿಯಾಕೇ ಬಿಡವಲ್ದಲ್ಲ!" ಎಲ್ಲರ ಜೊತೆ ಅವಳೂ ನಕ್ಕಳು.

ಮರುದಿನ ಏಕಾಂತಮ್ಮನೇ ಮನೆಗೆ ಬಂದಳು, ಕೈಯಲ್ಲಿ ಪಾಸ್‌ಬುಕ್ಕು.

"ನಗೋರು ನಗ್ಲಿ ಬಿಡವ್ವ. ಇಗಾ, ಇದು ನನ್ನ ಪಿಂಚಣಿ ಖಾತೆ. ನಿನ್ ಬ್ಯಾಂಕು ಕೆಟ್ರೆ ಇದ್ರಾಗೆ ಹಾಕ್ಸು. ನಿನ್ನ ತಂಗಿ ದುಡ್ಡೂ ಇದಕ್ಕೇ ಬರ್ಲಿ, ನನಗೇನು ಭಾರ?"

"ಕುಂತ್ಕ ಏಕಾಂತಕ್ಕ, ಟೀ ಕಾಸ್ತೀನಿ."

"ಬ್ಯಾಡ, ಹಸ ಬಿಚ್ಚಬೇಕು," ಎಂದು ಪುಸ್ತಕವನ್ನು ಕಟ್ಟೆಯ ಮೇಲಿಟ್ಟು ಹೋದಳು.

ಮುದ್ದಣ್ಣನ ಮುಖ ಅರಳಿತು. "ಕೇಳ್ದಂಗೆ ಬಂತು ನೋಡು. ಫೋನಿನಾಗೆ ಈ ತಿಂಗ್ಳ ನಾಣ್ಯ ಅವೆ. ಮಾರು, ಅವಳ ಖಾತೆಗೆ ಬೀಳ್ಲಿ. ಹಾಲಿನ ಬಾಕಿ ತೀರ್ತು, ಉಳಿದಿದ್ದು ಬಿಡಿಸ್ಕಂಡ್ರಾತು."

"ಆ ದುಡ್ಡೂ ಕದ್ದಿದ್ದಾದ್ರೆ?"

"ಆದಾಗ ನೋಡಾಣ. ಮುದುಕಿನ ಯಾರು ಕೇಳ್ತಾರೆ?" ಬುತ್ತಿ ಹೆಗಲಿಗೆ ಹಾಕಿಕೊಂಡು ಕುರಿ ಹೊಡೆದುಕೊಂಡು ಹೋದ.

ಅತ್ತೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಅಡುಗೆಮನೆಯಲ್ಲಿ ಯಲ್ಲಕ್ಕ ಒಬ್ಬಳೇ. ಫೋನು ತೆರೆದಳು. ಕೊಳ್ಳಲು ಒಬ್ಬ ಕಾದಿದ್ದ, ದರ ಒಳ್ಳೆಯದಿತ್ತು. ಒಂದು ಸಲ ಒತ್ತಿದರೆ ಏಕಾಂತಮ್ಮನ ಹಿಂಡಿಗೆ ದುಡ್ಡಾಗುತ್ತದೆ, ಪೊಲೀಸಿನ ಸುದ್ದಿ ಊರಿಗೆ ತಿಳಿಯುವುದಿಲ್ಲ. ದುಡ್ಡು ಕೆಟ್ಟದ್ದಾಗಿದ್ದರೆ ಮುದುಕಿಯ ಪಿಂಚಣಿ ನಿಲ್ಲುತ್ತದೆ. ಅವಳು ಚಿತ್ರದುರ್ಗದ ಬಸ್ಸು ಹತ್ತಿ, ಅದೇ ಠಾಣೆಯಲ್ಲಿ ಕೂತು, ತನಗೆ ಗೊತ್ತೇ ಇಲ್ಲದ ನಾಣ್ಯದ ಲೆಕ್ಕ ಹೇಳಬೇಕಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಬೆರಳು ಮಾರುವ ಬಟನ್ನಿನ ಮೇಲೇ ಇತ್ತು. ಅದನ್ನು ನೋಡಿ ಯಲ್ಲಕ್ಕನಿಗೆ ಠಾಣೆಯಲ್ಲಿ ಆಗಿದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಮಾರಾಟ ಮುಚ್ಚಿದಳು. ನಾಣ್ಯ ಕಳಿಸಲು ದೀಪಾಳ ಫೋನಿನ ಉದ್ದನೆಯ ವಿಳಾಸ ತೆಗೆದು, ಒಂದಕ್ಷರ ತಪ್ಪಿದರೂ ನಾಣ್ಯ ಹಿಂದೆ ಬರುವುದಿಲ್ಲವೆಂದು ಮತ್ತೆ ಮತ್ತೆ ತಾಳೆ ನೋಡಿ, ಇದ್ದದ್ದೆಲ್ಲವನ್ನೂ ವಾಪಸು ಕಳಿಸಿದಳು. ಫೋನನ್ನು ಬಾಯಿಯ ಹತ್ತಿರ ಹಿಡಿದು ವಾಯ್ಸ್ ಮೆಸೇಜು ಕಳಿಸಿದಳು: "ದೀಪಾ, ನಾಣ್ಯ ತಿರುಗಿ ಹಾಕೀನಿ. ಇನ್ಮ್ಯಾಲೆ ಅಂಗಡಿಯಿಂದ್ಲೇ ತವರಾಗಿರೋ ಅಮ್ಮನ ಖಾತೆಗೆ ಕಳ್ಸು. ಒಂದು ದಿನ ಬಿಡ್ರಿ ಅಂತ ನಿನ್ನ ಮನೆಯೋರನ್ನ ಬೇಡ್ಕಬೇಕಾಗ್ತೈತೆ, ಗೊತ್ತು. ನನ್ನಿಂದ ತಪ್ಪಾತು ಕಣೆ."

ಒಲೆಯ ಉರಿ ಹಿಂದಕ್ಕೆಳೆದು ಪಾಸ್‌ಬುಕ್ಕು ಕೈಗೆತ್ತಿಕೊಂಡಳು. ಅತ್ತೆ ಎಲ್ಲಿಗೆ ಎಂದು ಕೂಗಿದರೂ ನಿಲ್ಲದೆ, ನಡೆದದ್ದನ್ನೆಲ್ಲ ಪೊಲೀಸಿನ ಮಾತಿನಿಂದಲೇ ಹೇಳಲು ಶುರು ಮಾಡಬೇಕೆಂದುಕೊಂಡು ಏಕಾಂತಮ್ಮನ ಮನೆಯ ಕಡೆಗೆ ನಡೆದಳು.